ಹಳದಿಯ ವೈರಿ ಮಲಕಾಜಪ್ಪ

ಬನಹಟ್ಟಿಯ ಮಲಕಾಜಪ್ಪ ಜಮಖಂಡಿಯ ವಿಡಿಯೋ ಸ್ಟುಡಿಯೋಕ್ಕೆ ಮೊದಲ ಸಲ ಹೋದದ್ದು ವಿದ್ಯೆ ಕಲಿಯುವುದಕ್ಕಲ್ಲ, ಜಗಳ ಆಡುವುದಕ್ಕೆ. ಐವತ್ತಾರು ವರ್ಷದ ಮನುಷ್ಯ. ಬೆಳ್ಳನೆಯ ಅಂಗಿ, ಬೆಳ್ಳನೆಯ ಧೋತರ, ಬಗಲಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಸೀರೆ. ಮಗಳು ಕಾಂಚನಾಳ ಮದುವೆಯ ವಿಡಿಯೋ ಹಿಂದಿನ ದಿನವಷ್ಟೇ ಮನೆಗೆ ಬಂದಿತ್ತು. ಅದರಲ್ಲಿ ಅಕ್ಷತೆಯ ಹೊತ್ತಿಗೆ ಮಗಳು ಉಟ್ಟ ಸೀರೆ ನೀಲಿಯಾಗಿ ಕಂಡಿತ್ತು. ಮನೆಮಂದಿಯೆಲ್ಲ ಮಗಳ ಮುಖ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಈ ಅಪ್ಪ ಸೀರೆ ನೋಡಿ ಹಲ್ಲು ಕಡಿಯುತ್ತಿದ್ದ. ಆ ಸೀರೆಯ ನೂಲಿಗೆ ಬಣ್ಣ ಹಾಕಿದವನು ಅವನೇ. ಅದು ನೀಲಿಯಲ್ಲ, ನವಿಲುಗೊರಳು. ಹಾಸು ಹಸಿರು, ಹೊಕ್ಕು ನೀಲಿ. ಉಟ್ಟವಳು ಮಗ್ಗುಲು ತಿರುಗಿದರೆ ಸೀರೆಯೂ ಬಣ್ಣ ತಿರುಗಿಸಬೇಕು.

ಮನುಷ್ಯನ ಹಿಂದುಮುಂದು ಸ್ವಲ್ಪ ಹೇಳದಿದ್ದರೆ ಈ ಜಗಳದ ತೂಕ ತಿಳಿಯುವುದಿಲ್ಲ. ರಬಕವಿ–ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳದ ಓಣಿ ಇಲ್ಲ. ಆದರೆ ಮಲಕಾಜಪ್ಪನ ಮನೆತನ ನೇಯುವ ಮನೆತನವಲ್ಲ, ನೇಯುವವರಿಗೆ ನೂಲಿನ ಲಡಿಗಳಿಗೆ, ಅಂದರೆ ಸುತ್ತಿದ ನೂಲಿನ ಕಟ್ಟುಗಳಿಗೆ, ಬಣ್ಣ ಹಾಕಿಕೊಡುವ ಮನೆತನ. ಹಿತ್ತಲಲ್ಲಿ ಬಣ್ಣದ ಭಟ್ಟಿ, ಅದರ ಮೇಲೆ ಎರಡಾಳು ಹಿಡಿಯುವ ತಾಮ್ರದ ಹಂಡೆ. ಬಣ್ಣ ಕೂತಿತೋ ಇಲ್ಲವೋ ಎಂದು ಬೆಳಗಿನ ಬಿಸಿಲಲ್ಲಿ, ಬಾಗಿಲಿನ ಹೊಸ್ತಿಲ ಮೇಲೆ ನಿಂತೇ ನೋಡಬೇಕು; ಬಲ್ಬಿನ ಬೆಳಕಿನಲ್ಲಿ ಬಣ್ಣ ಒಪ್ಪಿಕೊಂಡವನು ಮರುದಿನ ಬೈಸಿಕೊಳ್ಳುತ್ತಾನೆ. ಇದು ಅವನ ಅಪ್ಪ ಕಲಿಸಿದ ಮೊದಲ ಪಾಠ. ಒಂದು ಕಾಲಕ್ಕೆ "ಬಣ್ಣದ ಮಲಕಾಜಪ್ಪನ ಮನಿ" ಎಂದರೆ ಹೊಸ ಪೋಸ್ಟ್‌ಮ್ಯಾನನಿಗೂ ಗೊತ್ತಿತ್ತು. ಆಮೇಲೆ ಬಣ್ಣ ಹಾಕಿದ ನೂಲೇ ಹೊರಗಿನಿಂದ ಕೋನು ಕೋನಾಗಿ, ಉಂಡೆ ಸುತ್ತಿಕೊಂಡೇ, ಬರತೊಡಗಿತು. ಆರು ವರ್ಷದ ಹಿಂದೆ ಭಟ್ಟಿ ಆರಿತು. ಅಂದಿನಿಂದ ಅವನು ಅಣ್ಣನ ಮಗನ ಪಾವರ್‌ಲೂಮ್ ಶೆಡ್ಡಿನಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಂಡು ಇದ್ದ. ಊಟಕ್ಕೆ ಕೊರತೆ ಇರಲಿಲ್ಲ. ಆದರೆ "ಮಲಕಾಜಪ್ಪಾ, ಈ ಬಣ್ಣ ಸರಿ ಐತೇನು, ನೋಡು" ಎಂದು ಕೇಳುವವರು ಯಾರೂ ಉಳಿದಿರಲಿಲ್ಲ, ಮತ್ತು ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಇನ್ನೊಂದು ಮಾತು. ಈ ಮನುಷ್ಯನಿಗೆ ಜಗತ್ತಿನಲ್ಲಿ ಒಬ್ಬನೇ ವೈರಿ: ಹಳದಿ. ಬಣ್ಣ ಹಾಕುವ ಮೊದಲು ನೂಲು ಅಪ್ಪಟ ಬಿಳಿ ಆಗಬೇಕು. ಅದರ ಮೇಲೆ ಚೂರು ಹಳದಿ ಕಲೆ ಬಿದ್ದರೂ ತಿಳಿ ಬಣ್ಣವೆಲ್ಲ ಹಾಳು. ಆದ್ದರಿಂದ ಆ ಮನೆಯ ಹಿತ್ತಲಿಗೆ ಅರಿಷಿಣಕ್ಕೆ ಪ್ರವೇಶವೇ ಇರಲಿಲ್ಲ. ಹೆಂಡತಿ ಶೇವಂತಿ ಮೂವತ್ತು ವರ್ಷ ಅರಿಷಿಣ ಕುಟ್ಟಿದ್ದು ಪಕ್ಕದ ಮನೆಯ ಒರಳಿನಲ್ಲಿ. ಭಟ್ಟಿ ಆರಿದ ಮೇಲೂ ಅವಳು ಕುಟ್ಟುವುದು ಅಲ್ಲೇ, ಯಾಕೆಂದರೆ ಗಂಡನ ವೈರ ಆರಿರಲಿಲ್ಲ.

ಸ್ಟುಡಿಯೋದ ಒಡತಿ ಮಾಯಾ. ಇಪ್ಪತ್ತೆಂಟರ ಹುಡುಗಿ, ಹೊಳೆದಂಡೆಯ ಗಲಗಲಿಯಲ್ಲಿ ಕುರಿ ಸಾಕುವವರ ಮನೆಯವಳು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದು ಜಮಖಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಹಿಡಿದಿದ್ದಳು. ಮಲಕಾಜಪ್ಪ ಅವಳ ಮೇಜಿನ ಮೇಲೆ ಸೀರೆ ಬಿಚ್ಚಿ ಹರವಿದ.

"ಇದು ಯಾವ ಬಣ್ಣ, ಹೇಳವ್ವಾ."

"ನವಿಲುಗೊರಳು ಅಲ್ಲೇನ್ರಿ."

"ನಿನ್ನ ವಿಡಿಯೋದಾಗ ಯಾವ ಬಣ್ಣ ಐತಿ?"

ಮಾಯಾ ವಿಡಿಯೋ ಹಚ್ಚಿ ನೋಡಿದಳು, ಸೀರೆ ನೋಡಿದಳು, ಮತ್ತೆ ವಿಡಿಯೋ ನೋಡಿದಳು. "ನೀಲಿ ಆಗೇತ್ರಿ. ಮಂಟಪದ ಲೈಟಿನ ಕಾರಭಾರ ಇದು. ಗಡಿಬಿಡಿಯೊಳಗ ನಾನೂ ನೋಡಲಿಲ್ಲ. ತಪ್ಪು ನಂದ."

ಬಸ್ಸಿನಲ್ಲಿ ಮುಕ್ಕಾಲು ತಾಸು ಕೂತು ಮಾತು ಜೋಡಿಸಿಕೊಂಡು ಬಂದವನಿಗೆ ಎದುರಿನವರು ಹೀಗೆ ತಪ್ಪು ಒಪ್ಪಿಕೊಂಡರೆ ಎಷ್ಟು ನಿರಾಸೆಯಾಗುತ್ತದೆ ಎನ್ನುವುದು ಜಗಳಗಂಟರಿಗಷ್ಟೇ ಗೊತ್ತು. ಅವನು ಕುರ್ಚಿಯಲ್ಲಿ ಕೂತ. ಮಾಯಾ ಪರದೆಯ ಮೇಲೆ ಮೂರು ಬಣ್ಣದ ಚಕ್ರ ತೆರೆದಳು. ಒಂದು ಚಿತ್ರದ ಕತ್ತಲ ಭಾಗಕ್ಕೆ, ಒಂದು ನಡುವಿನದಕ್ಕೆ, ಇನ್ನೊಂದು ಬೆಳಕಿನ ಭಾಗಕ್ಕೆ. ದೊಡ್ಡ ಸಿನಿಮಾದವರು ಬಳಸುವ ಸಾಫ್ಟ್‌ವೇರ್ ಅದು.

"ನಾ ತಿರುವತೇನಿ. ಎಲ್ಲಿ ನಿಲ್ಲಸಬೇಕು, ನೀವು ಹೇಳ್ರಿ."

ಅವಳು ಒಂದು ಚಕ್ರ ತಿರುವಿದಳು. ಚಿತ್ರವೆಲ್ಲ ಹಸಿರಾಯಿತು. ಮಲಕಾಜಪ್ಪ ತಲೆ ಅಲ್ಲಾಡಿಸಿದ. "ಮ್ಯಾಲ ಬ್ಯಾಡ. ತಳಕ್ಕ ಹಸಿರು ಕುಡಸು. ನಿರಿಗಿ ಒಳಗ ನೆರಳ ಇರತೈತಿ ನೋಡು, ಅಲ್ಲಿ. ಹಾಂ, ಇನ್ನೊಂದ ಚೂರು. ಸಾಕು."

ಪರದೆಯ ಮೇಲೆ ಕಾಂಚನಾ ಮಗ್ಗುಲು ತಿರುಗಿದಳು. ಸೀರೆಯೂ ಬಣ್ಣ ತಿರುಗಿಸಿತು. ಅಪ್ಪನಿಗೆ ಮದುವೆಯ ದಿನ ಬಾರದ ಕಣ್ಣೀರು ಆಗ ಬಂತು.

"ಕಾಕಾ, ಇದನ್ನ ಯಾರು ಕಲಿಸಿದ್ರು ನಿಮಗ?" ಮಾಯಾ ಕೇಳಿದಳು. "ನೆರಳಿನ ಚಕ್ರ ಬ್ಯಾರೆ, ಬೆಳಕಿನ ಚಕ್ರ ಬ್ಯಾರೆ ಅಂತ ತಿಳಕೊಳ್ಳಾಕ ನನಗ ಆರ ತಿಂಗಳ ಹಿಡೀತು."

ಮುಂದಿನ ಸೋಮವಾರ ಅವನು ಇನ್ನೊಮ್ಮೆ ಹೋದ, ಥ್ಯಾಂಕ್ಸ್ ಹೇಳಲಿಕ್ಕೆ ಎಂದು. ಅದರ ಮುಂದಿನ ವಾರ ಯಾವ ನೆವವೂ ಇಲ್ಲದೆ ಹೋದ. ನಾಲ್ಕನೆಯ ಸಲ ಹೋಗುವಾಗ ಕೈಯಲ್ಲಿ ಬುತ್ತಿ ಇತ್ತು. ಶೇವಂತಿ ರೊಟ್ಟಿಯ ಜೊತೆ ಎರಡು ಹಸಿ ಉಳ್ಳಾಗಡ್ಡಿ ಹೆಚ್ಚು ಇಟ್ಟಳು. ಆ ಹುಡುಗಿಗೂ ಆಗಲಿ ಎಂದು.

ಕಲಿಯುವುದು ಅವನು ಅಂದುಕೊಂಡಷ್ಟು ಸಸಾರವಾಗಿರಲಿಲ್ಲ. ಮೊದಲನೆಯ ತೊಡಕು ಮೌಸ್. ಹಂಡೆಯಲ್ಲಿ ಕೋಲು ಆಡಿಸಿದ ಕೈ ಅದು. ಒಂದು ಸಲ ಒತ್ತು ಎಂದರೆ ಮೂರು ಸಲ ಒತ್ತುತ್ತಿತ್ತು. ಎರಡನೆಯ ತೊಡಕು ಕತ್ತರಿ. ಎಡಿಟಿಂಗ್ ಎಂದರೆ ಬೇಡದ್ದನ್ನು ಕತ್ತರಿಸಿ ಬೇಕಾದದ್ದನ್ನು ಜೋಡಿಸುವುದು ಎಂದು ಮಾಯಾ ಹೇಳಿದಳು. ಮಗ್ಗದ ಊರಿನವನಿಗೆ, ನೇಯ್ದದ್ದನ್ನು ನಡುವೆ ಕತ್ತರಿಸು ಎಂದರೆ ಎದೆ ಝಲ್ಲೆನ್ನುತ್ತದೆ. ಅವನು ಮೊದಲು ಎಡಿಟ್ ಮಾಡಿದ ಮುಧೋಳದ ಒಂದು ಮದುವೆ ಮೂರೂವರೆ ತಾಸು ಬಂತು. ಅದರಲ್ಲಿ ಹೆಣ್ಣಿನ ಸೋದರಮಾವ ತನ್ನ ಚಪ್ಪಲಿ ಹುಡುಕುವುದೇ ಹತ್ತು ನಿಮಿಷ ಇತ್ತು.

"ಇದನ್ನ ಯಾಕ ಇಟ್ಟೀರಿ ಕಾಕಾ?"

"ಪಾಪ, ಸಿಗತಾವೋ ಇಲ್ಲೋ ಅಂತ ನೋಡಿದ್ನಿ. ಸಿಕ್ಕವು."

"ಕತ್ತರಸ್ರಿ. ಯಾವುದ ಇಲ್ಲದಿದ್ರೂ ಕತಿ ನಡೀತೈತೋ ಅದು ಬ್ಯಾಡ."

ಈ ಮಾತನ್ನು ಅವನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಶಿಷ್ಯರಲ್ಲಿ ಎರಡು ಜಾತಿ: ಹೇಳಿದ್ದು ಕೇಳದವರು, ಹೇಳಿದ್ದಕ್ಕಿಂತ ಹೆಚ್ಚು ಕೇಳುವವರು. ಎರಡನೆಯವರೇ ಅಪಾಯ. ಮಲಕಾಜಪ್ಪ ಕತ್ತರಿಸುವುದನ್ನು ಕಲಿತ ಮೇಲೆ ಎಷ್ಟು ಕಲಿತನೆಂದರೆ ಒಂದು ಸೀಮಂತದ ವಿಡಿಯೋದಲ್ಲಿ ಆರತಿಯನ್ನೇ ಹಾರಿಸಿಬಿಟ್ಟಿದ್ದ.

ಬಣ್ಣದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಮಾಯಾ ಹೇಳಿಕೊಟ್ಟ ನಿಯಮ ಒಂದೇ. ಚಿತ್ರದೊಳಗೆ ಖಂಡಿತವಾಗಿ ಬಿಳಿ ಎಂದು ಗೊತ್ತಿರುವ ಒಂದು ವಸ್ತು ಹುಡುಕಬೇಕು. ಪಿಚಕಾರಿಯಂಥ ಒಂದು ಗುರುತನ್ನು ಅದರ ಮೇಲಿಟ್ಟು ಒತ್ತಬೇಕು. ಆಗ ಯಂತ್ರ ಉಳಿದ ಬಣ್ಣಗಳನ್ನೆಲ್ಲ ಆ ಬಿಳಿಗೆ ತಕ್ಕಂತೆ ಸರಿಸುತ್ತದೆ. "ಬಿಳಿ ಸರಿ ಇತ್ತಂದ್ರ ಎಲ್ಲಾ ಸರಿ" ಎಂದು ಅವಳು ಹೇಳಿದಾಗ ಮಲಕಾಜಪ್ಪನಿಗೆ ಸತ್ತ ಅಪ್ಪನೇ ಮಾತಾಡಿದಂತಾಯಿತು. ಮಹಡಿಯ ಕೋಣೆಯಲ್ಲಿ ಕೂತು ಅವನು ಮದುವೆ ಮದುವೆಗಳ ಹಳದಿ ತೊಳೆದ. ಹ್ಯಾಲೋಜನ್ ದೀಪದ ಹಳದಿ, ಶಾಮಿಯಾನದ ಹಳದಿ, ಸಂಜೆ ಬಿಸಿಲಿನ ಹಳದಿ. ಹಾಗೆ ಒಂದು ವರ್ಷ ಕಳೆಯಿತು.

ಒಂದು ದಿನ ಮಾಯಾ ಅವನ ಎದುರಿಗೆ ಕೂತು ಮಾತು ತೆಗೆದಳು. ಗಲಗಲಿಯಲ್ಲಿ ಅವಳ ಮುತ್ಯಾ, ಅಂದರೆ ಅಜ್ಜ, ಹಾಲಸಿದ್ದಪ್ಪ ಐವತ್ತು ವರ್ಷದಿಂದ ಬೀರೇಶ್ವರನ ಪಲ್ಲಕ್ಕಿಯ ಮುಂದೆ ಬೆತ್ತ ಹಿಡಿದು ನಡೆಯುತ್ತಿದ್ದ. ವರ್ಷಕ್ಕೊಮ್ಮೆ ದೇವರು ಕೃಷ್ಣಾ ಹೊಳೆಗೆ ಜಳಕಕ್ಕೆ ಹೋಗುವಾಗ ದಾರಿಯುದ್ದಕ್ಕೂ ಜನ ಭಂಡಾರ ತೂರುತ್ತಾರೆ. ಭಂಡಾರ ಎಂದರೆ ದೇವರ ಅರಿಷಿಣದ ಪುಡಿ. ಈ ಸಲದ ನಡಿಗೆಯೇ ಮುತ್ಯಾನ ಕೊನೆಯ ನಡಿಗೆ. ಮೊಣಕಾಲು ಕೈಕೊಟ್ಟಿತ್ತು, ಮುಂದಿನ ವರ್ಷ ಬೆತ್ತ ಮಗನ ಕೈಗೆ. "ಮಾಯವ್ವಾ, ನಾ ನಡದದ್ದನ್ನ ನಾನೂ ಒಮ್ಮಿ ನೋಡಬೇಕು" ಎಂದು ಮುದುಕ ಬಾಯಿಬಿಟ್ಟು ಕೇಳಿದ್ದ. ಅವಳು ಎರಡು ಕ್ಯಾಮೆರಾ ಇಟ್ಟು ಶೂಟ್ ಮಾಡಿಕೊಂಡು ಬಂದಿದ್ದಳು. ಈಗ ಮುಹೂರ್ತಗಳ ಹಂಗಾಮು. ಅವಳಿಗೆ ಬೀಳಗಿ, ಮುಧೋಳ ಅಂತ ದಿನಕ್ಕೊಂದು ಮದುವೆ.

"ಇದನ್ನ ಪೂರಾ ನಿಮ್ಮ ಕೈಯಾಗ ಕೊಡತೇನಿ ಕಾಕಾ. ಎಡಿಟಿಂಗೂ ನಿಮ್ಮದ, ಬಣ್ಣಾನೂ ನಿಮ್ಮದ. ರವಿವಾರ ಸಂಜೀಕ ಗುಡಿ ಅಂಗಳದಾಗ ಎಲ್ಲಾರಿಗೂ ತೋರಸೂದು. ಛಲೋ ಬಂತಂದ್ರ ಇನ್ನ ಮ್ಯಾಲ ಬಣ್ಣದ ಕುರ್ಚಿ ನಿಮ್ಮದ. ಪರದೆ ಮ್ಯಾಲ ನಿಮ್ಮ ಹೆಸರ ಬರತೈತಿ. ಬರಲಿಲ್ಲ ಅಂದ್ರ ರೆಡಿಮೇಡ್ ಬಣ್ಣ ಹಾಕ್ಕೊಂಡು ನಡಸತೇನಿ. ಕಲಸಾಕ ನನಗ ಇನ್ನ ಹೊತ್ತಿಲ್ಲ."

ರೆಡಿಮೇಡ್ ಬಣ್ಣ ಎಂದರೆ ಒಂದು ಒತ್ತಿಗೆ ಇಡೀ ಚಿತ್ರಕ್ಕೆ ಬಳಿದುಕೊಳ್ಳುವ ಸಿದ್ಧ ಬಣ್ಣ. ಕೋನಿನಲ್ಲಿ ಬಂದ ನೂಲಿನಿಂದ ಒಮ್ಮೆ ಕಸುಬು ಕಳಕೊಂಡವನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಬಣ್ಣದ ಮಲಕಾಜಪ್ಪ ಎಂದು ಮತ್ತೆ ಕರೆಸಿಕೊಳ್ಳುವುದಕ್ಕೆ ಸಿಕ್ಕ ಬಾಗಿಲು ಇದೊಂದೇ ಎಂದು ಅವನಿಗೆ ಗೊತ್ತಿತ್ತು.

ಅವನು ಕೆಲಸಕ್ಕೆ ಕೂತ. ಎಡಿಟಿಂಗ್ ಎರಡು ದಿನದಲ್ಲಿ ಮುಗಿಯಿತು. ಕತೆ ನಡೆಯಲಿಕ್ಕೆ ಬೇಡವಾದದ್ದನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ: ಡೊಳ್ಳಿನವರು ನೀರು ಕುಡಿದದ್ದು, ನಾಯಿ ಅಡ್ಡ ಬಂದದ್ದು, ಒಬ್ಬ ಮುದುಕಿ ಹೊಳೆಗೆ ಚೊಂಬಿನಿಂದ ಹಾಲು ಎರೆದದ್ದು. ಆಮೇಲೆ ಬಣ್ಣ. ಚಿತ್ರ ತೆರೆದು ನೋಡಿದರೆ ಎಲ್ಲೆಲ್ಲೂ ಹಳದಿ. ಗಾಳಿ ಹಳದಿ, ಕರೇ ಕಂಬಳಿ ಹಳದಿ, ಹೊಳೆಯ ನೀರೂ ಹಳದಿ. ಬೆಳಗಿನ ಬಿಸಿಲು ಬೇರೆ ಕೂಡಿಕೊಂಡಿತ್ತು. ಮಲಕಾಜಪ್ಪ ಅಂಗಿಯ ತೋಳು ಮಡಚಿದ.

ಖಂಡಿತ ಬಿಳಿ ಯಾವುದು ಎಂದು ಹುಡುಕುವಾಗ ಅವನ ಕಣ್ಣು ಹಾಲಸಿದ್ದಪ್ಪನ ರುಮಾಲಿನ ಮೇಲೆ ನಿಂತಿತು. ಅಂಚಿನಲ್ಲಿ ಎರಡೆಳೆ ಕೆಂಪು, ನಡುವೆ ಒಂದೆಳೆ ಕಪ್ಪು. ಅವನ ಮುಖ ಅರಳಿತು. ಇದು ಅವನದೇ ಓಣಿಯ ಮಗ್ಗದ ರುಮಾಲು. ಆ ಅಂಚನ್ನು ಬೇರೆ ಯಾರೂ ಹಾಕುವುದಿಲ್ಲ. ಅದರ ನೂಲನ್ನು ಬಿಳಿ ಮಾಡಿಕೊಟ್ಟವನು ಯಾರು? ಇದೇ ಮಲಕಾಜಪ್ಪ. ಇದು ಬಿಳಿ ಎನ್ನುವುದಕ್ಕೆ ಇನ್ನಾವ ಸಾಕ್ಷಿ ಬೇಕು? ಗುರುತನ್ನು ರುಮಾಲಿನ ಮೇಲಿಟ್ಟು ಒತ್ತಿದ. ಪಕ್ಕದ ನಕ್ಷೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಗೆರೆಗಳು ಒಂದೇ ಎತ್ತರಕ್ಕೆ ಬಂದು ನಿಂತವು. ಹಳದಿ ಹಾರಿಹೋಯಿತು. ಭಂಡಾರ ತುಸು ತೆಳುವಾಯಿತೇ ಎಂದು ಒಂದು ಗಳಿಗೆ ಅನಿಸಿದ್ದುಂಟು. ಆದರೆ ಹಳದಿ ಕಡಿಮೆಯಾಯಿತೆಂದು ಅಳುವ ಜಾತಿಯವನಲ್ಲ ಅವನು. ಪೆನ್‌ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡ.

ರವಿವಾರ ಸಂಜೆ ಗುಡಿಯ ಅಂಗಳದಲ್ಲಿ ಬಿಳೀ ಬಟ್ಟೆ ಕಟ್ಟಿದ್ದರು. ಮಾಯಾ ಬೀಳಗಿಯ ಮದುವೆ ಮುಗಿಸಿ ಪ್ರೊಜೆಕ್ಟರ್ ಹೊತ್ತು ನೇರವಾಗಿ ಬಂದಿದ್ದಳು; ಚಿತ್ರವನ್ನು ಮೊದಲೇ ನೋಡಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಮುಂದೆ ಹಾಲಸಿದ್ದಪ್ಪ, ಅವನ ಪಕ್ಕದಲ್ಲಿ ಹೆಂಡತಿ ಹೊಳೆವ್ವ, ಹಿಂದೆ ಊರು. ಡೊಳ್ಳು ಮೊಳಗಿತು, ಪರದೆ ಬೆಳಗಿತು, ಮುದುಕ ಬೆತ್ತ ಹಿಡಿದು ನಡೆದು ಬಂದ.

ಪರದೆಯ ಮೇಲಿನ ಹಾಲಸಿದ್ದಪ್ಪನ ಮುಖ ಬೂದಿಬಣ್ಣಕ್ಕಿತ್ತು. ಕಂಬಳಿ ನೀಲಿಯಾಗಿತ್ತು. ಜನ ತೂರಿದ ಭಂಡಾರ ಬೆಳ್ಳಗೆ ಹಾರಿ ಬೆಳ್ಳಗೆ ಬೀಳುತ್ತಿತ್ತು. ಸ್ಟುಡಿಯೋದ ಪರದೆಯಲ್ಲಿ ತಿಳಿ ಲಿಂಬೆಯಂತಿದ್ದ ಚೂರುಪಾರು ಹಳದಿಯೂ ಈ ಬಟ್ಟೆಯ ಮೇಲೆ ಅಳಿಸಿಹೋಗಿತ್ತು.

ಮೊದಲು ಬಾಯಿಬಿಟ್ಟವಳು ಹೊಳೆವ್ವ. "ಅಯ್ಯ, ಮುದುಕ ಹಿಟ್ಟಿನ ಗಿರಣ್ಯಾಗ ಹೊಕ್ಕು ಬಂದಂಗ ಕಾಣತಾನಲ್ಲ."

ಅಂಗಳವೆಲ್ಲ ನಕ್ಕಿತು. ಹಿಂದಿನಿಂದ ಒಬ್ಬ ಹೇಳಿದ: "ಕಾಮಾಲಿ ಆದವಗ ಎಲ್ಲಾ ಹಳದಿ ಕಾಣತೈತಿ ಅಂತಾರ. ಈ ರಾಯಗ ಹಳದೀನ ಕಾಣಂಗಿಲ್ಲ ನೋಡು." ಮತ್ತೆ ನಗೆ. ಹೊಳೆವ್ವ ಇನ್ನೊಂದು ಸೇರಿಸಿದಳು: "ನಾ ಹೊಳಿಗೆ ಹಾಲು ಎರದದ್ದು ಎಲ್ಲಿ ಹೋತು? ಅದೂ ಇಲ್ಲ."

ಹಾಲಸಿದ್ದಪ್ಪ ಮಾತ್ರ ನಗಲಿಲ್ಲ. ಮೊಮ್ಮಗಳನ್ನು ಕರೆದು ಮೆಲ್ಲಗೆ ಹೇಳಿದ: "ಬಂದ ಮಾಡವ್ವಾ. ಐವತ್ತ ವರ್ಷ ಭಂಡಾರದಾಗ ನಡದೇನಿ. ಇದರಾಗ ಭಂಡಾರ ಇಲ್ಲ. ಇಂವ ನಾ ಅಲ್ಲ."

ಮಾಯಾ ಪ್ರೊಜೆಕ್ಟರ್ ಆರಿಸಿದಳು. ಚಿತ್ರದ ಕೊನೆಯಲ್ಲಿ ಬರಬೇಕಾಗಿದ್ದ ಹೆಸರು ಬರಲೇ ಇಲ್ಲ. ಬಸ್ಸಿಗೆ ಕಾಯುವಾಗ ಅವಳು ಬೈಯಲಿಲ್ಲ, ಬೈದಿದ್ದರೆ ಮಲಕಾಜಪ್ಪನಿಗೆ ಹಗುರಾಗುತ್ತಿತ್ತು. "ನಿಮ್ಮ ತಪ್ಪಲ್ಲ ಕಾಕಾ. ಮೊದಲ ನೋಡದ ತೋರಸಿದ್ದು ನನ್ನ ತಪ್ಪು" ಎಂದಳು, ಅಷ್ಟೇ.

"ಒಂದ ವಾರ ಕೊಡು" ಎಂದ ಅವನು. "ಮುಂದಿನ ರವಿವಾರ ಸರಿ ಬರಲಿಲ್ಲ ಅಂದ್ರ ನಿನ್ನ ಮಹಡಿ ಹತ್ತಂಗಿಲ್ಲ."

ಅವಳು ಹೂಂ ಎಂದಳೋ ಇಲ್ಲವೋ, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಮನೆಗೆ ಬಂದವನು ಊಟ ಮಾಡದೆ ಮಲಗಿದ. ಅವನಿಗೆ ಅರ್ಥವಾಗದ ಸಂಗತಿ ಒಂದೇ. ಬಿಳಿ ಸರಿ ಇದ್ದರೆ ಎಲ್ಲ ಸರಿ ಇರಬೇಕು. ರುಮಾಲು ಬಿಳಿ. ಹಾಗಾದರೆ ಕೆಟ್ಟದ್ದು ಎಲ್ಲಿ? ತನ್ನ ಕಣ್ಣೇ ಕೆಟ್ಟಿತೋ ಏನೋ ಎಂದು ಹೆದರಿಕೆಯೂ ಆಯಿತು. ಬೆಳಗಾಗುತ್ತಲೇ ಅಟ್ಟದ ಗಂಟಿನಿಂದ ಒಂದು ಬಿಳೀ ನೂಲಿನ ಲಡಿ ತೆಗೆದ. ಅದು ಅವನ ಭಟ್ಟಿಯ ಕೊನೆಯ ಲಡಿ, ಏಳು ವರ್ಷ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಅದನ್ನು ಜೇಬಿನಲ್ಲಿಟ್ಟುಕೊಂಡು ಗಲಗಲಿಯ ಬಸ್ಸು ಹತ್ತಿದ.

ಹಾಲಸಿದ್ದಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬಂದವನ ಗುರುತು ಹಿಡಿದು, "ಹಿಟ್ಟಿನವರು ಬಂದ್ರು, ಚಹಾ ತಗೊಂಡು ಬಾ" ಎಂದು ಒಳಗೆ ಕೂಗಿದ.

"ಮುತ್ಯಾ, ಸ್ವಲ್ಪ ಬಾಗಲಕ್ಕ ಬರ್ರಿ. ಬಿಸಿಲಿಗೆ."

ಮುದುಕ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಹೊಸ್ತಿಲ ಮೇಲೆ ನಿಂತ. ಮಲಕಾಜಪ್ಪ ಲಡಿ ತೆಗೆದು ಅವನ ರುಮಾಲಿಗೆ ತಾಗಿಸಿ ಹಿಡಿದ. ಮೂವತ್ತು ವರ್ಷ ಬಣ್ಣ ಒಪ್ಪಿದ ರೀತಿ ಅದೇ. ಲಡಿ ಬಿಳಿ. ರುಮಾಲು ಹಳದಿ. ಅಲ್ಲೊಂದು ಇಲ್ಲೊಂದು ಕಲೆಯಲ್ಲ, ಎಳೆಎಳೆಗೂ ಇಳಿದ ಹಳದಿ.

"ಇದನ್ನ ತೊಳ್ಯಾಂಗಿಲ್ಲೇನ್ರಿ?"

"ದೇವರ ಭಂಡಾರ ಬಿದ್ದ ರುಮಾಲು ಸಾಬಾಣ ಕಾಣಬಾರದು. ವರ್ಷಕ್ಕೊಮ್ಮಿ ದೇವರ ಕೂಡ ಹೊಳ್ಯಾಗ ಮುಳುಗೂದು, ಅಷ್ಟ. ಇದಕ್ಕ ಈಗ ಹದಿನೆಂಟು ವರ್ಷ." ಮುದುಕ ರುಮಾಲು ಬಿಚ್ಚಿ ಅವನ ಕೈಗೇ ಕೊಟ್ಟ. ಒಳಗಿನ ಮಡಿಕೆ, ಅದರ ಒಳಗಿನ ಮಡಿಕೆ, ಎಲ್ಲವೂ ಹಳದಿ.

ಮಲಕಾಜಪ್ಪ ಕಟ್ಟೆಯ ಮೇಲೆ ಕುಸಿದು ಕೂತು ನಗತೊಡಗಿದ. ಕಣ್ಣು ಕೆಟ್ಟಿರಲಿಲ್ಲ. ಅವನು ಕಣ್ಣನ್ನು ಕೇಳಿಯೇ ಇರಲಿಲ್ಲ. ಬಟ್ಟೆ ಹುಟ್ಟಿದಾಗ ಹೇಗಿತ್ತೆಂದು ಗೊತ್ತಿದ್ದವನು, ಅದು ಹದಿನೆಂಟು ವರ್ಷ ಯಾರ ತಲೆಯ ಮೇಲೆ ಹೇಗೆ ಬಾಳಿತೆಂದು ನೋಡಲಿಲ್ಲ. ಹಳದಿಯನ್ನೇ ಬಿಳಿ ಎಂದು ಯಂತ್ರಕ್ಕೆ ಹೇಳಿದರೆ ಅದು ಪಾಪ ಏನು ಮಾಡೀತು? ಭಂಡಾರವನ್ನು ಹಿಟ್ಟು ಮಾಡಿತು.

"ಆ ದಿನ ಖರೇ ಬೆಳ್ಳಗ ಇದ್ದದ್ದು ಏನರ ಇತ್ತೇನ್ರಿ?" ಎಂದು ಕೇಳಿದ. "ಭಂಡಾರ ಬೀಳದ್ದು."

ಹಾಲಸಿದ್ದಪ್ಪ ಯೋಚಿಸಿದ. ಧೋತರ? ಎಲ್ಲಾ ಹಳದಿ. ಪಲ್ಲಕ್ಕಿಯ ಬಟ್ಟೆ? ಹಳದಿ. ಮಂದಿಯ ಹಲ್ಲೂ ಹಳದಿ ಆಗಿದ್ದವು ಎಂದ. ಅಷ್ಟರಲ್ಲಿ ಚಹಾ ತಂದ ಹೊಳೆವ್ವ ನಿಂತಲ್ಲೇ ಹೇಳಿದಳು.

"ನನ್ನ ಹಾಲು. ಮನಿಯಿಂದ ಹೊಳೀತನಕಾ ಸೆರಗ ಮುಚ್ಚಿಕೊಂಡು ಒಯ್ದೇನಿ, ಒಂದ ಕಣ ಭಂಡಾರ ಬೀಳಾಕ ಬಿಟ್ಟಿಲ್ಲ. ಹೊಳಿ ತಾಯಿಗೆ ಎರೂ ಹಾಲು ಬೆಳ್ಳಗ ಇರಬೇಕು."

"ಆಕಳದೇನ್ರಿ? ಆಕಳ ಹಾಲಾದ್ರ ಚೂರು ಹಳದಿ ಇರತೈತಿ."

ಹೊಳೆವ್ವ ಅವನನ್ನು ಕನಿಕರದಿಂದ ನೋಡಿದಳು. "ಕುರಿ ಮನಿಗೆ ಬಂದು ಆಕಳ ಹಾಲೇನು ಅಂತ ಕೇಳತಿಯಲ್ಲೋ ತಮ್ಮಾ. ಕುರೀದು."

ಮಲಕಾಜಪ್ಪ ಚಹಾ ಅರ್ಧಕ್ಕೇ ಬಿಟ್ಟು ಸ್ಟುಡಿಯೋಕ್ಕೆ ಓಡಿದ. ಕತ್ತರಿಸಿ ಒಗೆದ ತುಣುಕುಗಳು ಕಂಪ್ಯೂಟರಿನಲ್ಲಿ ಇನ್ನೂ ಇದ್ದವು. ಕತೆ ನಡೆಯಲಿಕ್ಕೆ ಬೇಡವೆಂದು ಅವನು ಎತ್ತಿ ಒಗೆದಿದ್ದ ಮುದುಕಿಯೇ ಹೊಳೆವ್ವ. ಚೊಂಬಿನ ಮೇಲಿಂದ ಸೆರಗು ಸರಿಯಿತು, ಹಾಲು ಕೃಷ್ಣೆಗೆ ಬಿತ್ತು. ಹಾಲು ಬೀಳುವುದು ನಾಲ್ಕೇ ಸೆಕೆಂಡು. ಅವನು ಈ ಸಲ ಅವಸರ ಮಾಡಲಿಲ್ಲ. ಜೇಬಿನ ಲಡಿಯನ್ನು ಪರದೆಯ ಪಕ್ಕಕ್ಕೆ ಹಿಡಿದು ಮೊದಲು ಕಣ್ಣಿನಿಂದ ನೋಡಿದ. ಆಮೇಲೆ ಗುರುತನ್ನು ಹಾಲಿನ ಧಾರೆಯ ಮೇಲಿಟ್ಟು ಒತ್ತಿದ. ಅದೇ ಲೆಕ್ಕವನ್ನು ಆ ಮುಂಜಾನೆಯ ಎಲ್ಲ ಚಿತ್ರಗಳಿಗೂ ಹಚ್ಚಿದ. ಬಿಸಿಲಿನ ಹಳದಿ ಹೋಯಿತು. ಕಂಬಳಿ ಕರ್ರಗಾಯಿತು, ನೀರು ನೀರಾಯಿತು. ಭಂಡಾರ ಮಾತ್ರ ಉಳಿಯಿತು, ಮತ್ತು ಅದು ಎಷ್ಟು ಹಳದಿ ಇತ್ತೆಂದರೆ ಹಳದಿಯ ವೈರಿ ಕುರ್ಚಿ ಹಿಂದಕ್ಕೆ ಸರಿಸಿಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತ ಕೂತ. ಇಷ್ಟು ವರ್ಷ ಕಲೆ ಎಂದು ಕಂಡದ್ದು ಅವನಿಗೆ ಅವತ್ತು ಬಣ್ಣವಾಗಿ ಕಂಡಿತು.

ಈ ಸಲ ಮಾಯಾ ಚಿತ್ರವನ್ನು ಮೊದಲೇ ನೋಡಿದಳು. ಮುಗಿದ ಮೇಲೆ ಎರಡನೆಯ ಸಲವೂ ನೋಡಿದಳು. "ಹಾಲಿನ ಚಿತ್ರ ಇಲ್ಲದಿದ್ರೂ ಕತಿ ನಡೀತಿತ್ತಲ್ಲ ಕಾಕಾ, ಮತ್ತ ಯಾಕ ಇಟ್ಟೀರಿ?" ಎಂದು ಕೆಣಕಿದಳು. ಮಲಕಾಜಪ್ಪ ಕನ್ನಡಕ ಒರೆಸಿಕೊಂಡ.

ರವಿವಾರ ಸಂಜೆ ಅಂಗಳಕ್ಕೆ ಹೋದವಾರಕ್ಕಿಂತ ಹೆಚ್ಚು ಜನ ಬಂದಿದ್ದರು. ಅರ್ಧ ಜನ ಮತ್ತೊಮ್ಮೆ ನಗಲಿಕ್ಕೆ ಬಂದವರು. ಡೊಳ್ಳು ಮೊಳಗಿತು. ಬಿಳೀ ಬಟ್ಟೆಯ ಮೇಲೆ ದಟ್ಟವಾಗಿ ಹಳದಿ ಎದ್ದಿತು. ಅದರೊಳಗಿಂದ ಹಾಲಸಿದ್ದಪ್ಪ ಬೆತ್ತ ಹಿಡಿದು, ಕರೇ ಕಂಬಳಿ ಹೊದ್ದು, ಹದಿನೆಂಟು ವರ್ಷದ ರುಮಾಲು ಸುತ್ತಿಕೊಂಡು ನಡೆದು ಬಂದ. ಮುಂದೆ ಕೂತಿದ್ದ ಹಾಲಸಿದ್ದಪ್ಪ ತನಗರಿವಿಲ್ಲದೆ ಪಕ್ಕದ ಕೋಲನ್ನು ಬೆತ್ತದಂತೆ ಎತ್ತಿ ಹಿಡಿದ. ಪರದೆಯ ಮೇಲೆ ಹೊಳೆವ್ವ ಹಾಲು ಎರೆಯುವಾಗ ಹೆಂಗಸರೆಲ್ಲ ಅಂಗಳದಲ್ಲಿ ಕೂತಿದ್ದ ಅವಳ ಬೆನ್ನು ತಟ್ಟಿದರು. ಕೊನೆಗೆ ಪರದೆಯ ಮೇಲೆ ಒಂದು ಸಾಲು ಬಂತು.

"ಏನ ಬರದೈತಿ?" ಮುದುಕ ಕೇಳಿದ.

"'ಬಣ್ಣ: ಮಲಕಾಜಪ್ಪ, ಬನಹಟ್ಟಿ' ಅಂತೈತಿ ಮುತ್ಯಾ" ಎಂದು ಮಾಯಾ ಓದಿದಳು.

ಹಾಲಸಿದ್ದಪ್ಪ ಅವನನ್ನು ಹತ್ತಿರ ಕರೆದ. ಸೊಂಟದ ಚೀಲದಿಂದ ಹಿಡಿ ತುಂಬ ಭಂಡಾರ ತೆಗೆದವನು ಅವನ ಅಂಗಿ ನೋಡಿ ಕೈ ತಡೆದ. "ಅಂಗಿ ಭಾಳ ಬೆಳ್ಳಗೈತಿ. ಹಾಕಲೇನ?"

ಮಲಕಾಜಪ್ಪ ತಲೆ ಬಾಗಿಸಿದ. "ಹಾಕ್ರಿ."

ಮರುದಿನ ಬೆಳಿಗ್ಗೆ ಶೇವಂತಿ ಆ ಅಂಗಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಗಾಬರಿಯಾದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. "ಇದಕ್ಕ ಸಾಬಾಣ ಹಚ್ಚಿದ್ರ ಕೆಂಪಾಗತೈತಿ, ಬರೇ ನೀರಿಗೆ ಹೋಗಂಗಿಲ್ಲ. ನಿಮ್ಮ ಬಿಳೀ ಅಂಗಿ ಕೆಟ್ಟತಲ್ಲರೀ. ಹೆಂಗ ತೊಳೀಲಿ ಇದನ್ನ?"

"ತೊಳೀಬ್ಯಾಡ, ಕೊಡು ಇಲ್ಲೆ" ಎಂದ ಮಲಕಾಜಪ್ಪ. "ಅದು ಬಿಳೀ ಅಂಗಿ ಅಲ್ಲ ಈಗ. ಹಳದಿ ಅಂಗಿ."

ಅದನ್ನೇ ತೊಟ್ಟುಕೊಂಡು, ಬುತ್ತಿ ಹಿಡಿದು, ಜಮಖಂಡಿಯ ಬಸ್ಸಿಗೆ ಹೋದ.